ಹತ್ತು ಗಂಟೆಯ ಚೀಲ

ಗಾಳಿಗೆ ಯಾರ ಮುಲಾಜೂ ಇಲ್ಲ, ಅದು ಎಲ್ಲರ ಮೇಲೂ ಸಮನಾಗಿ ಬೀಸುತ್ತದೆ. ಹೀಗೆ ಹೇಳುವವರು ಯಾರೂ ರೇಷ್ಮೆಹುಳು ಸಾಕಿದವರಲ್ಲ.

ಮೊನ್ನೆ ಚಿಕ್ಕಬಳ್ಳಾಪುರದ ಮಾರುಕಟ್ಟೆಯಲ್ಲಿ ಸೊಗಡವರೆಯ ವಾಸನೆ ಮೂಗಿಗೆ ಬಡಿದು ಮೇಲೂರಿನಲ್ಲಿ ಹುಳು ಸಾಕುತ್ತಿದ್ದ ಅಜ್ಜಿಯೊಬ್ಬರು ನೆನಪಾದರು... ಅವರೆಕಾಯಿ ಕೊಳ್ಳದೆ ಮನೆಗೆ ಬಂದೆ.

ಬಹಳ ವರ್ಷಗಳ ಹಿಂದೆ ನಾನು ಗಾಳಿಯ ಜಾಡು ಹಿಡಿಯುವ ಪ್ರಯೋಗವೊಂದರಲ್ಲಿ ಸಹಾಯಕ. ಚಿಂತಾಮಣಿಯ ಹತ್ತಿರ ಬಣ್ಣ, ವಾಸನೆ, ಅಪಾಯ ಯಾವುದೂ ಇಲ್ಲದ ಒಂದು ಅನಿಲವನ್ನು ಬಿಡುತ್ತಿದ್ದರು. ಅದು ಎಲ್ಲಿಗೆ, ಎಷ್ಟು ಹೊತ್ತಿಗೆ ಮುಟ್ಟಿತೆಂದು ತಿಳಿಯಲು ನಾವು ಊರೂರ ಮಾಳಿಗೆಗಳ ಮೇಲೆ ಕೂತು ಗಂಟೆಗೊಂದು ಚೀಲಕ್ಕೆ ಗಾಳಿ ತುಂಬಬೇಕು. ಡಿಗ್ರಿ ಪಡೆದು ಗಾಳಿ ಮೂಟೆ ಕಟ್ಟುವ ಭಾಗ್ಯ ನಮ್ಮ ವಂಶದಲ್ಲಿ ನನಗೊಬ್ಬನಿಗೇ ಒದಗಿತ್ತು. ನನಗೆ ಸಿಕ್ಕಿದ್ದು ಅಜ್ಜಿಯ ಮಾಳಿಗೆ. ಕೆಳಗೆ ಅವರ ಹುಳುಮನೆ. ಹುಳು ಗೂಡು ಕಟ್ಟಲು ವಾರವಷ್ಟೇ ಬಾಕಿ.

ಒಂದು ಬೆಳಗ್ಗೆ ಹತ್ತಕ್ಕೆ ಸರಿಯಾಗಿ ಅಜ್ಜಿ ಕೆಳಗಿನಿಂದ ಕೂಗಿದರು.

"ಗಾಳಿ ಎಲ್ಲೂ ಓಡೋಗಲ್ಲ, ಬಾರಪ್ಪ. ಅವರೆಕಾಳು ಉಪ್ಪಿಟ್ಟು ಆರೋಗ್ತದೆ."

ಗಾಳಿ ಓಡಿಹೋಗುತ್ತದೆ ಎಂಬುದೇ ನಮ್ಮ ಪ್ರಯೋಗದ ಮೂಲತತ್ತ್ವ. ಆದರೂ ಇಳಿದೆ. ಎರಡನೇ ಸಲವೂ ಬಡಿಸಿಕೊಂಡೆ. ಮತ್ತೆ ಮೇಲೆ ಹತ್ತುವಷ್ಟರಲ್ಲಿ ಹನ್ನೊಂದು. ಹತ್ತರ ಚೀಲ ಮಡಿಸಿಟ್ಟ ಹಾಗೇ ಇತ್ತು.

ಯಂತ್ರದ ಪರೀಕ್ಷೆಯಲ್ಲಿ ಒಂಬತ್ತರ ಚೀಲಕ್ಕೂ ಹನ್ನೊಂದರ ಚೀಲಕ್ಕೂ ಆ ಅನಿಲದ ಲೆಕ್ಕ ಸೊನ್ನೆ ಬಂತು. ಎರಡು ಸೊನ್ನೆಗಳ ನಡುವೆ ಇನ್ನೇನಿದ್ದೀತು ಎಂಬ ಘನವಾದ ತರ್ಕದಿಂದ ಹತ್ತಕ್ಕೂ ಸೊನ್ನೆ ಬರೆದೆ. 'ಚೀಲ ತುಂಬಿಲ್ಲ' ಎಂದು ಬರೆದರೆ ಕಾರಣವನ್ನೂ ಬರೆಯಬೇಕಿತ್ತು.

ಅಂದು ಅದೇ ಹತ್ತು ಗಂಟೆಗೆ ಮೂಡಲ ಕಡೆಯ ದ್ರಾಕ್ಷಿ ತೋಟದಲ್ಲಿ ಔಷಧಿ ಹೊಡೆದಿದ್ದರು. ಎರಡೇ ದಿನದಲ್ಲಿ ಅಜ್ಜಿಯ ಹುಳುಗಳು ಹಸಿರು ಕಕ್ಕಿ, ತಟ್ಟೆ ತಟ್ಟೆಯೇ ಸತ್ತವು. ಗಾಳಿ ಆ ಹೊತ್ತು ಇತ್ತ ಬೀಸಲೇ ಇಲ್ಲವೆಂದು ತೋಟದವರು ವಾದಿಸಿದರು. ಊರ ಹಿರಿಯರು ಅಜ್ಜಿಯ ಜಗಲಿಯಲ್ಲಿ ಸೇರಿ ನನ್ನನ್ನು ಕರೆಸಿದರು.

"ಚಿಂತಾಮಣಿ ಗಾಳಿ ಬಂದಿದ್ರೆ ಆ ತೋಟ ದಾಟ್ಕೊಂಡೇ ಬರ್ಬೇಕು," ಎಂದರು ಅಜ್ಜಿ. "ಹತ್ತು ಗಂಟೆಗೆ ಬಂತೋ ಇಲ್ವೋ, ಅಷ್ಟು ಹೇಳಪ್ಪ ಸಾಕು."

ಪುಸ್ತಕ ತೆರೆದು ಸೊನ್ನೆ ಎಂದು ಓದಿದೆ.

"ಮಿಷಿನ್ನು ಸುಳ್ಳು ಹೇಳ್ತದಾ? ನಂದೇ ಏನೋ ತಪ್ಪಾಗಿರ್ತದೆ ಬಿಡಪ್ಪ." ಅಜ್ಜಿ ಎದ್ದು ಒಳಗೆ ಹೊರಟು, "ಕೂತ್ಕೋ, ಕಾಫಿ ಕುಡ್ದು ಹೋಗು," ಎಂದರು.

ಕುಡಿದೆ. ಅದನ್ನೂ ಹೇಳಿಬಿಡಬೇಕು.

ಅಜ್ಜಿ ಮತ್ತೆ ಹುಳು ಸಾಕಲಿಲ್ಲ. ತಮ್ಮ ಕೈಯೇ ಸರಿಯಿಲ್ಲವೆಂದು ಕೊನೆಯವರೆಗೂ ಹೇಳಿಕೊಳ್ಳುತ್ತಿದ್ದರಂತೆ. ನಿಜ ಹೇಳಿಬರಲು ಎರಡು ಸಲ ಹೊರಟವನು ಶಿಡ್ಲಘಟ್ಟದ ಬಸ್ ನಿಲ್ದಾಣದಿಂದಲೇ ವಾಪಸಾದೆ. ಮೂರನೆಯ ಸಲ ಮೇಲೂರಿಗೇ ಹೋದೆ. ಅವರು ತೀರಿಕೊಂಡಿದ್ದರು. ಹುಳುಮನೆಯಲ್ಲಿ ಯಾರೋ ಗೊಬ್ಬರದ ಮೂಟೆ ಪೇರಿಸಿದ್ದರು.

ಪ್ರಯೋಗದ ವರದಿ ಎಂದೋ ಅಚ್ಚಾಗಿದೆ. ಅದರಲ್ಲಿ ಮೇಲೂರು, ಬೆಳಗ್ಗೆ ಹತ್ತು ಗಂಟೆ: ಸೊನ್ನೆ.