ನಾಯಿಯ ಹೆಸರು ಟೈಗರ್

ಚಿತ್ರದಲ್ಲಿದ್ದ ನಾಯಿಗೆ ಹೆಸರಿತ್ತು, ಹೆಂಗಸಿಗಿರಲಿಲ್ಲ. ಚೌಕಟ್ಟಿನ ಕೆಳಗಿನ ಫಲಕ ಹೀಗಿತ್ತು: ‘ಎಸ್ಟೇಟ್ ಮಾಲೀಕರು, ಅವರ ನಾಯಿ ಟೈಗರ್, ಕೂಲಿ ಹೆಂಗಸು.’

ಶಾಲೆಯಲ್ಲಿ ಕೆಲಸ ಸಿಕ್ಕು ವಿಜಯಪುರದಿಂದ ಕೊಡಗಿನ ನೆಲ್ಯಹುದಿಕೇರಿಗೆ ಬಂದು ಎಂಟು ತಿಂಗಳಾಯಿತು. ಅಕ್ಕಿ ರೊಟ್ಟಿಗೆ ಒಗ್ಗಿಕೊಂಡಿದ್ದೇನೆ. ಒಣಗದ ಬಟ್ಟೆಗೆ ಇನ್ನೂ ಇಲ್ಲ. ಪಕ್ಕದ ಮನೆಯ ಸೆಲ್ವಿ ಅಕ್ಕ ಹುಟ್ಟಿದ್ದು ಲೈನಿನಲ್ಲಿ, ಅಂದರೆ ಎಸ್ಟೇಟ್ ಕೆಲಸಗಾರರ ಸಾಲುಮನೆಯಲ್ಲಿ. ಹಳೆಯ ಕಲ್ಲುಕಟ್ಟಡವೊಂದರ ಕಲಾ ಗ್ಯಾಲರಿಯಲ್ಲಿ ತೀರಿಹೋದ ತನ್ನಮ್ಮನ ಚಿತ್ರವಿದೆಯೆಂದು ಯಾರೋ ಹೇಳಿದ್ದರಿಂದ, ಭಾನುವಾರ ನನ್ನನ್ನೂ ಬಸ್ಸು ಹತ್ತಿಸಿದರು.

ನಮ್ಮ ಕಡೆ ಹಳೆಯ ಗುಮ್ಮಟದ ನೆರಳಲ್ಲಿ ಆಡುಗಳು ಮಲಗಿರುತ್ತವೆ, ಜನ ಇಸ್ಪೀಟು ಆಡುತ್ತಿರುತ್ತಾರೆ. ಈ ಗ್ಯಾಲರಿಯಲ್ಲಿ ಕೆಮ್ಮಿದರೂ ಕಾವಲುಗಾರ ತಿರುಗಿ ನೋಡುತ್ತಾನೆ.

ಸೆಲ್ವಿ ಅಕ್ಕ ಚಿತ್ರದ ಮುಖ ನೋಡಲಿಲ್ಲ, ಸೊಂಟ ನೋಡಿದರು. “ಅಮ್ಮನೇ. ಕಾಫಿ ಕೊಯ್ಯೋ ಪಿಕ್ಕಿಂಗ್ ಚೀಲದ ಗಂಟು ಎಡಗಡೆ ಉಂಟಲ್ಲ? ಅಮ್ಮಂದು ಎಡಗೈ. ಇಡೀ ಲೈನಲ್ಲಿ ಹಾಗೆ ಕಟ್ತಿದ್ದದ್ದು ಅವಳೊಬ್ಬಳೇ. ಕಾಳಿಯಮ್ಮ ಅಂತ ಬರೆಸಿ ಟೀಚರೇ, ಅಷ್ಟೇ ಸಾಕು.”

ಗ್ಯಾಲರಿಯ ಮೇಲ್ವಿಚಾರಕರನ್ನು ಹುಡುಕಿ ಕರೆತಂದು, ಫಲಕಕ್ಕೆ ಹೆಸರು ಸೇರಿಸಲು ಕೇಳಿದೆ.

“ದಾಖಲೆ ಉಂಟಾ?” ಎಂದರು.

“ನಾಯೀದು ಐತೇನ್ರಿ?”

ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಇಂಥ ಉತ್ತರಕ್ಕೆ ಚಪ್ಪಾಳೆ ಬೀಳುತ್ತಿತ್ತು. ಇಲ್ಲಿ ಅವರ ಮುಖ ಬಿಗಿಯಿತು.

“ನಾಯಿ ಹೆಸರು ಚಿತ್ರ ಕೊಟ್ಟ ಮನೆಯವರೇ ಹೇಳಿದ್ದು.”

“ಈ ಹೆಣ್ಮಗಳ ಹೆಸರೂ ಆಕಿ ಮನಿಯವರೇ ಹೇಳಾಕತ್ತಾರಲ್ರಿ. ಮನಿ ಮಂದಿ ಮಾತು ನಡೀತೈತಿ ಅಂದ್ರ ಎರಡೂ ಬರೀರಿ. ಇಲ್ಲಾಂದ್ರ ಮೊದಲು ಟೈಗರ್‌ನ ಅಳಸ್ರಿ.”

“ಮೇಡಂ, ನಿಮ್ಮದು ಯಾವೂರು?”

“ವಿಜಯಪುರ.”

“ಹಾಗೆ ಹೇಳಿ. ಹೊರಗಿನವರಿಗೆ ಇಲ್ಲಿಂದು ಗೊತ್ತಾಗಲ್ಲ. ಇವರದ್ದು?”

“ಇಲ್ಲೇ ಸಾರ್,” ಎಂದರು ಸೆಲ್ವಿ ಅಕ್ಕ.

“ಅಲ್ಲ, ಮೂಲ?”

ಊರು ಕೇಳುವುದು ವಾದವೇ ಅಲ್ಲ. ಆದರೂ ಗೆದ್ದದ್ದು ಅದೇ. ಅರ್ಜಿ ಕೊಡಿ, ನೋಡೋಣ ಎಂದು ಅವರು ಒಳಗೆ ಹೋದರು.

ನನಗೆ ಉರಿದುಹೋಯಿತು. ಬಾಗಿಲ ಬಳಿಯ ಸಂದರ್ಶಕರ ಪುಸ್ತಕದಲ್ಲಿ ಖಂಡನೆ ಬರೆಯತೊಡಗಿದೆ: ಒಂದನೆಯದಾಗಿ, ಎರಡನೆಯದಾಗಿ...

“ಅಷ್ಟುದ್ದ ಯಾರು ಓದ್ತಾರೆ? ನೀವು ಜಗಳ ಗೆಲ್ಲೋಕೆ ಬಂದದ್ದಾ, ಅಮ್ಮನ ಹೆಸರು ಬರೆಸೋಕಾ?” ಎಂದರು ಸೆಲ್ವಿ ಅಕ್ಕ.

ಬರೆದದ್ದನ್ನೆಲ್ಲ ಹೊಡೆದುಹಾಕಿ ದಪ್ಪ ಅಕ್ಷರದಲ್ಲಿ ಬರೆದೆ: ‘ನಾಯಿಯ ಪಕ್ಕದಲ್ಲಿರುವವರು ಕಾಳಿಯಮ್ಮ. ಹೇಳಿದವರು ಮಗಳು ಸೆಲ್ವಿ. ಊರು ನೆಲ್ಯಹುದಿಕೇರಿ.’ ಸೆಲ್ವಿ ಅಕ್ಕ ಆ ಸಾಲಿನ ಮೇಲೆ ಒಮ್ಮೆ ಬೆರಳಾಡಿಸಿದರು.

ಕೆಳಗೆ ಬರೆದವರ ಹೆಸರು, ಊರು ಕೇಳಿತ್ತು. ಇಲ್ಲಿಯವರು ‘ನಿಮ್ಮೂರು’ ಎಂದರೆ ವಿಜಯಪುರ. ಫೋನಿನಲ್ಲಿ ಅವ್ವ “ನಿಮ್ಮೂರಾಗ ಮಳಿ ನಿಂತೈತೇನವಾ?” ಎಂದರೆ ನೆಲ್ಯಹುದಿಕೇರಿ. ಹೆಸರು ಬರೆದೆ. ಮುಂದೆ ಪೆನ್ನು ಓಡಲಿಲ್ಲ.

“ಬಸ್ಸು ಹೋಗ್ತದೆ, ಬನ್ನಿ,” ಎಂದರು ಸೆಲ್ವಿ ಅಕ್ಕ. ಊರಿನ ಜಾಗ ಖಾಲಿ ಬಿಟ್ಟು ಅವರ ಹಿಂದೆ ಓಡಿದೆ.