ಕ್ಯಾಬ್ ಹತ್ತಿದ ಎರಡು ಕುಂಡ ಜೋಳ

ಸೆಪ್ಟೆಂಬರ್‌ನ ಎರಡನೇ ಮಂಗಳವಾರ ಬೆಳಿಗ್ಗೆ ಏಳಕ್ಕೆ ಎರಡು ಕುಂಡ ಜೋಳ ಸಿಂಗಸಂದ್ರದಿಂದ ಕ್ಯಾಬ್‌ನಲ್ಲಿ ವೈಟ್‌ಫೀಲ್ಡ್‌ಗೆ ಹೊರಟಿತು. ಜೊತೆಗೆ ಮೂವರಿದ್ದೆವು: ತಳಿ ವಿಜ್ಞಾನಿ ಶಶಿಕಲಾ, ವಿಜಯಪುರದಿಂದ ಬಂದಿದ್ದ ಅವರ ಅತ್ತೆ ಗೌರಮ್ಮ, ವರದಿಗೆಂದು ನಾನು.

ಒಂದು ಕುಂಡದಲ್ಲಿ ಹಳೆಯ ತಳಿ. ಅದರ ಬೇರಿಗೆ ಅಂಟಿ ಸತ್ವ ಹೀರುವ ಸ್ಟ್ರೈಗಾ ಎಂಬ ಕಳೆ ಬುಡದಲ್ಲಿ ಬಿಳಿ ಹೂ ಬಿಟ್ಟಿತ್ತು. ಜೋಳ ಮೊಣಕಾಲೆತ್ತರಕ್ಕೇ ನಿಂತಿತ್ತು. ಇನ್ನೊಂದರಲ್ಲಿ ಶಶಿಕಲಾ ಬೆಳೆಸಿದ ಹೊಸ ತಳಿ. ಅದರ ಮಣ್ಣಿಗೂ ಅದೇ ಕಳೆಯ ಬೀಜ ಬೆರೆಸಿದ್ದರು, ಒಂದೂ ಎದ್ದಿರಲಿಲ್ಲ. ಅಂದು ವೈಟ್‌ಫೀಲ್ಡ್‌ನ ಸಭೆಯಲ್ಲಿ ಈ ವ್ಯತ್ಯಾಸ ತೋರಿಸಿದರೆ ಹೊಸ ತಳಿಗಳನ್ನು ಪರಿಶೀಲಿಸುವ ಸಮಿತಿ ರೈತರ ಹೊಲದಲ್ಲಿ ಪ್ರಯೋಗಕ್ಕೆ ಒಪ್ಪುತ್ತದೆ. ಇಲ್ಲದಿದ್ದರೆ ಯೋಜನೆ ಅಲ್ಲಿಗೇ ಮುಗಿಯಿತು.

ಹೊಸ ಜೋಳ ಮುಂದೆ, ಶಶಿಕಲಾ ಕಾಲ ಬಳಿ, ಕಿಟಕಿಯಿಂದ ತಲೆ ಹೊರಹಾಕಿ ಕೂತಿತು. ಹಳೆಯದು ಹಿಂದೆ, ಗೌರಮ್ಮನ ಕಾಲ ಬಳಿ.

ಸಿಲ್ಕ್ ಬೋರ್ಡ್‌ನಲ್ಲಿ ವಾಹನಗಳು ನಿಂತವು. ಲಿಂಗಪೂಜೆಯಾಗದೆ ಗೌರಮ್ಮ ನೀರೂ ಮುಟ್ಟುವುದಿಲ್ಲ. ವೈಟ್‌ಫೀಲ್ಡ್‌ನ ಮಗಳ ಮನೆಯಲ್ಲಿ ಪೂಜೆ ಮುಗಿಸುವ ಲೆಕ್ಕ ಅವರದು. ಮಾರತ್ತಹಳ್ಳಿಗೆ ಬರುವಾಗ ಹತ್ತು ದಾಟಿತ್ತು, ಡಬ್ಬಿಯ ಇಡ್ಲಿ ಘಮಘಮಿಸುತ್ತಿತ್ತು. ನನಗೆ ಜೊಂಪು ಹತ್ತಿತ್ತು. ಮುಂದೆ ಕೂತು ಫೋನಿನಲ್ಲಿದ್ದ ಶಶಿಕಲಾ ತಿರುಗಿ ನೋಡಿದಾಗ ಅತ್ತೆಯ ಎಡ ಅಂಗೈಯಲ್ಲಿ ಇಷ್ಟಲಿಂಗ, ಅದರ ಮೇಲೆ ವಿಭೂತಿ, ಬಿಳಿ ಹೂ. ಕಳೆ ದಂಟು ಸಮೇತ ಬಂದಿತ್ತು. ಕುಂಡದಲ್ಲಿ ಒಂದೂ ಉಳಿದಿರಲಿಲ್ಲ.

"ಅತ್ತಿ, ಅದು ಕಸ ರೀ."

"ಗೊತ್ತೈತಿ. ನಮ್ಮ ಹೊಲದಾಗ ಕಂಡ್ರ ಕಿತ್ತ ಒಗೀತೀವಿ. ನೀ ಕುಂಡದಾಗ ಇಟ್ಟು ನೀರ ಹಾಕ್ತಿ. ನಾ ಏನಾರ ಅಂದೇನು?"

ಪೂಜೆ ಮುಗಿಯಿತು. ಶಶಿಕಲಾ ಇಡ್ಲಿ ಹಂಚಿ, ಖಾಲಿ ಡಬ್ಬಿಗೆ ಕಳೆಯನ್ನು ತುಂಬಿಕೊಂಡರು. ಗೌರಮ್ಮನನ್ನು ಮಗಳ ಮನೆಗೆ ಬಿಟ್ಟು ಸಭೆಗೆ ಹೋದೆವು.

ಎರಡೂ ಕುಂಡ ಕ್ಲೀನಾಗೇ ಇವೆಯಲ್ಲ, ಗಿಡ್ಡ ಜೋಳಕ್ಕೆ ನೀರು ಸಾಲದೇನೋ ಎಂದರು ಸಮಿತಿಯ ಅಧ್ಯಕ್ಷರು. ಶಶಿಕಲಾ ಡಬ್ಬಿ ತೆರೆದರು. ಅಧ್ಯಕ್ಷರು ಕನ್ನಡಕ ಏರಿಸಿ ಬಗ್ಗಿದರು.

"ಈ ಬಿಳಿ ಪುಡಿ ಯಾವ ಫಂಗಸ್ ಮೇಡಂ?"

"ವಿಭೂತಿ, ಸಾರ್."

ಬಳಿಕ ಶಶಿಕಲಾ ಎರಡೂ ಕುಂಡ ಬೋರಲು ಹಾಕಿ ಬಕೆಟ್ ನೀರಿನಲ್ಲಿ ಬೇರು ತೊಳೆದರು. ಹಳೆಯ ಜೋಳದ ಬೇರಿನಲ್ಲಿ ಮುರಿದ ಕಳೆಯ ಬುಡಗಳು ಕಚ್ಚಿಕೊಂಡೇ ಇದ್ದವು. ಹೊಸದರ ಬೇರಿನಲ್ಲಿ ಏನೂ ಇರಲಿಲ್ಲ.

ಸಮಿತಿ ಒಂದು ಹೊಲಕ್ಕೆ ಒಪ್ಪಿಗೆ ಕೊಟ್ಟಿದೆ. ಹೊಲ ವಿಜಯಪುರ ಜಿಲ್ಲೆಯದು, ಗೌರಮ್ಮನದು. ಹಳೆಯ ತಳಿಯ ಸಾಲುಗಳಲ್ಲಿ ಕಸ ಕೀಳಬಾರದೆಂಬುದು ಷರತ್ತು. ಇದನ್ನು ಬರೆಯುವ ಹೊತ್ತಿಗೆ ಗೌರಮ್ಮ ಅದಕ್ಕೆ ಒಪ್ಪಿಲ್ಲ.