ಹುಳು ಮನೆಯ ಕಿಟಕಿ, ಮೊಮ್ಮಗಳ ಕ್ಯಾನು

ನಾನು ಓದಿದ್ದು ಮೂರನೇ ಕ್ಲಾಸು. ಆದರೆ ರೇಷ್ಮೆ ಹುಳುವಿನ ವಿಷಯಕ್ಕೆ ಬಂದರೆ ದಿಬ್ಬೂರಹಳ್ಳಿ ಕಡೆ ನನ್ನ ಮಾತನ್ನು ಯಾರೂ ತೆಗೆದುಹಾಕುವುದಿಲ್ಲ. ತೊಂದರೆಯಾದದ್ದೇ ಅದರಿಂದ.

ಮೊಮ್ಮಗಳು ಚಿಕ್ಕಬಳ್ಳಾಪುರದಲ್ಲಿ ಇಂಜಿನಿಯರಿಂಗಿನ ಕೊನೆಯ ವರ್ಷದಲ್ಲಿದ್ದಳು. ಹೊಗೆಯೊಳಗಿನ ಕಾರ್ಬನ್ ಡೈಆಕ್ಸೈಡ್ ಅನ್ನುವ ಗಾಳಿಯನ್ನು ಒಂದು ದ್ರವದಲ್ಲಿ ಹಿಡಿದಿಡುವುದು ಅವಳ ಪ್ರಾಜೆಕ್ಟು. ಅದಕ್ಕೆ ನಿಜವಾದ ಹೊಗೆ ಬೇಕು. ನಮ್ಮ ಹಿಂದಿನ ಬೀದಿಯಲ್ಲಿ ಗೂಡು ಬೇಯಿಸಿ ನೂಲು ತೆಗೆಯುವ ಸಾಬರ ಶೆಡ್ಡಿದೆ. ಅದರ ಬಾಯ್ಲರಿಗೆ ಚಿಮಣಿಯಿದೆ. ಸಾಬರು ಒಪ್ಪಿದ್ದರು. ಚಿಮಣಿಯಿಲ್ಲದಿದ್ದರೆ ಪ್ರಾಜೆಕ್ಟಿಲ್ಲ, ಪ್ರಾಜೆಕ್ಟಿಲ್ಲದಿದ್ದರೆ ಪಾಸಿಲ್ಲ ಎಂದು ಹುಡುಗಿ ನನಗೆ ಎರಡು ಸಲ ಹೇಳಿದ್ದಳು.

ಚಳಿಗಾಲದಲ್ಲಿ ಒಂದು ದಿನ ಕ್ಯಾನು ಹೊತ್ತು ಬಂದಳು. ಮುಚ್ಚಳ ತೆಗೆದರೆ ಮೂಗು ಮುಚ್ಚಿಕೊಳ್ಳಬೇಕು.

"ಏನೇ ಇದು, ಕೊಳೆತ ಮೀನು ತುಂಬ್ಕೊಂಡ್ ಬಂದಿದ್ದೀಯ?"

"ಸಾಲ್ವೆಂಟ್ ಅಜ್ಜಿ. ತಣ್ಣಗಿದ್ರೆ ಆ ಗಾಳೀನ ಹಿಡ್ಕೊಳ್ಳುತ್ತೆ, ಕಾಯಿಸಿದ್ರೆ ಬಿಟ್ಬಿಡುತ್ತೆ. ಆಮೇಲೆ ಅದನ್ನೇ ಮತ್ತೆ ಉಪಯೋಗಿಸ್ಬೋದು."

"ಕಾಯಿಸೋಕೆ ಬೆಂಕಿ ಬೇಕಲ್ಲ. ಆ ಬೆಂಕಿ ಹೊಗೆ ಹಿಡಿಯೋಕೆ ಇನ್ನೊಂದು ಕ್ಯಾನಾ?"

"ನಮ್ಮ ಸಾರೂ ಇದನ್ನೇ ಕೇಳ್ತಾರೆ," ಅಂದಳು. ಅವರ ಸಾರು ಎಷ್ಟು ಓದಿದ್ದಾರೋ ಗೊತ್ತಿಲ್ಲ, ನನಗೆ ಸ್ವಲ್ಪ ಸಮಾಧಾನವಾಯಿತು.

ಹುಳು ಸಾಕುವ ಮನೆಗೆ ವಾಸನೆ ಆಗದು. ಊದುಬತ್ತಿ, ಬೀಡಿ, ಸೆಂಟು ಯಾವುದನ್ನೂ ನಾನು ಒಳಗೆ ಬಿಟ್ಟವಳಲ್ಲ. ಮದುವೆಗೆ ಹೊರಟ ಸೊಸೆ ಪೌಡರು ಮೆತ್ತಿಕೊಂಡು ಬಾಗಿಲ ಹತ್ತಿರ ಬಂದಾಗ ಅಟ್ಟಿದ್ದೇನೆ. ಕ್ಯಾನು ಬಂದ ದಿನ ಹುಳು ನಾಲ್ಕನೇ ಜ್ವರ, ಅಂದರೆ ಪೊರೆ ಬಿಡುವ ನಿದ್ದೆ, ಮುಗಿಸಿ ಹಸಿದು ಎದ್ದಿದ್ದವು. ಮೀನಿನ ಕ್ಯಾನು ಅಂಗಳದಲ್ಲಿ ಕೂತಿದ್ದಾಗ ನಾನು ಸುಮ್ಮನಿರುತ್ತೇನೆಯೇ? ಕಿಟಕಿಗಳಿಗೆಲ್ಲ ಗೋಣಿಚೀಲ ಕಟ್ಟಿದೆ, ಸಂದಿಗೆ ಹಳೇ ಸೀರೆ ತುರುಕಿದೆ. ಚಳಿಗೆಂದು ಇದ್ದಿಲು ಕೆಂಡದ ಬಾಣಲೆ ಒಂದಿತ್ತು, ಎರಡು ಮಾಡಿದೆ.

ಮಾರನೆಯ ದಿನ ಹುಳು ಸೊಪ್ಪು ಮುಟ್ಟಲಿಲ್ಲ. ಆ ವಯಸ್ಸಿನ ಹುಳು ತಿನ್ನುವ ಸದ್ದು ಹೆಂಚಿನ ಮೇಲೆ ಸೋನೆ ಬಿದ್ದ ಹಾಗಿರಬೇಕು. ಅವು ತಲೆ ಎತ್ತಿಕೊಂಡು ಸುಮ್ಮನಿದ್ದವು. ನನ್ನ ತಲೆಯೂ ಸಿಡಿಯುತ್ತಿತ್ತು. ಎರಡನ್ನೂ ಕ್ಯಾನಿನ ಲೆಕ್ಕಕ್ಕೆ ಹಾಕಿ ನೇರ ಸಾಬರ ಶೆಡ್ಡಿಗೆ ಹೋದೆ.

"ಆ ನೀರನ್ನ ನಿಮ್ಮ ಚಿಮಣಿ ಹತ್ರ ಸೇರಿಸ್ಬೇಡಿ ಸಾಬ್ರೇ. ವಾಸನೆಗೇ ನಮ್ಮ ಹುಳು ಬಾಯಿ ಕಟ್ತು. ಊರಿನವರ ಹುಳು ಕೆಟ್ರೆ ನಿಮಗೆ ಗೂಡೆಲ್ಲಿಂದ ಬರುತ್ತೆ?"

"ನೀವೇ ಹೇಳಿದ್ಮೇಲೆ ಮುಗೀತಲ್ಲಮ್ಮ," ಅಂದರು. ಮುಗಿಯಿತು. ಸಂಜೆಯೊಳಗೆ ಮೊಮ್ಮಗಳಿಗೆ ಚಿಮಣಿ ಇಲ್ಲ ಎಂದು ಹೇಳಿ ಕಳಿಸಿದರು.

ಹುಡುಗಿ ಅಳಲಿಲ್ಲ. ಊಟವನ್ನೂ ಮಾಡಲಿಲ್ಲ. ಬೆಳಿಗ್ಗೆ, ರೋಗ ಒಳಗೆ ಬಾರದಿರಲೆಂದು ಬಾಗಿಲಲ್ಲಿಟ್ಟ ಬ್ಲೀಚಿಂಗ್ ನೀರಿನಲ್ಲಿ ಕಾಲು ಅದ್ದಿ ಹುಳು ಮನೆಯ ಬಾಗಿಲು ತೆಗೆದಳು. ತೆಗೆದವಳೇ ಒಂದು ಹೆಜ್ಜೆ ಹಿಂದೆ ಸರಿದಳು.

"ಅಜ್ಜಿ, ಕಿಟಕಿ ಯಾವಾಗ ಮುಚ್ಚಿದ್ದು?"

"ನಿನ್ನ ಕ್ಯಾನು ಬಂದ ದಿನ."

"ಒಳಗೆ ಕೆಂಡ ಬೇರೆ. ನಾನು ಚಿಮಣಿಯಲ್ಲಿ ಹಿಡಿಯೋಕೆ ಒದ್ದಾಡ್ತಿರೋ ಗಾಳೀನ ನೀನು ಗೋಣಿ ಕಟ್ಟಿ ಹಿಡಿದಿಟ್ಟಿದ್ದೀಯಲ್ಲ."

"ನನಗೆ ಪಾಠ ಹೇಳ್ಬೇಡ ಕಣೇ."

ಅವಳು ನನ್ನ ಎಲೆಯಡಿಕೆಯ ಸುಣ್ಣಕ್ಕೆ ನೀರು ಬೆರೆಸಿ, ತಿಳಿಯನ್ನು ಎರಡು ಬಟ್ಟಲಿಗೆ ಬಸಿದಳು. ಒಂದನ್ನು ಹುಳು ಮನೆಯೊಳಗೆ, ಇನ್ನೊಂದನ್ನು ಅಂಗಳದಲ್ಲಿ ಇಟ್ಟಳು. ಒಳಗಿನದು ನಾನು ಒಂದು ಎಲೆ ಜಗಿದು ಉಗಿಯುವಷ್ಟರಲ್ಲಿ ಕೆನೆ ಕಟ್ಟಿತು. ಅಂಗಳದ್ದು ಇನ್ನೂ ತಿಳಿಯಾಗೇ ಇತ್ತು. ಸುಣ್ಣದ ನೀರಿಗೆ ಕೆನೆ ಕಟ್ಟುವುದನ್ನು ಹುಟ್ಟಿದಾಗಿನಿಂದ ನೋಡಿದ್ದೇನೆ, ಬೆರಳಲ್ಲಿ ಗೀರಿ ಎಸೆದಿದ್ದೇನೆ. ಅದು ಮೊಮ್ಮಗಳು ಹೇಳುವ ಆ ಗಾಳಿಯನ್ನೇ ಹಿಡಿಯುತ್ತಿದೆ ಎಂದು ಯಾವತ್ತೂ ಹೊಳೆದಿರಲಿಲ್ಲ.

ಗೋಣಿ ಬಿಚ್ಚಿದೆ. ಕೆಂಡ ಹೊರಗೆ ಹಾಕಿದೆ. ಕ್ಯಾನು ಅಂಗಳದಲ್ಲೇ ಇತ್ತು, ಮುಚ್ಚಳ ಬಿಗಿಯಾಗಿ. ಸಂಜೆಗೆ ಸೋನೆಯ ಸದ್ದು ಶುರುವಾಯಿತು. ಒಂದಿಷ್ಟು ಹುಳು ಸತ್ತವು. ಉಳಿದವು ನನ್ನನ್ನು ಕ್ಷಮಿಸಿದವೋ ಏನೋ, ತಿಂದವು.

ಹುಳು ಉಳಿಯಿತು, ಚಿಮಣಿ ಉಳಿಯಲಿಲ್ಲ. ಇಷ್ಟು ವರ್ಷ ನನ್ನ ಮಾತು ನಡೆಯಿತೆಂದು ಮೆರೆದವಳಿಗೆ ಆ ಮಾತನ್ನು ವಾಪಸು ತರುವುದು ಹೇಗೆಂದು ಗೊತ್ತಿರಲಿಲ್ಲ. ಆದರೂ ಹೋದೆ.

"ನೀವೇ ಬೇಡ ಅಂದ್ರಲ್ಲಮ್ಮ," ಅಂದರು ಸಾಬರು.

"ಅಂದೆ. ಕ್ಯಾನಿನದ್ದಲ್ಲ ತಪ್ಪು, ನಂದು. ಕಿಟಕಿ ಮುಚ್ಚಿ ಕೆಂಡ ಇಟ್ಟಿದ್ದೆ."

ಅವರು ಗಡ್ಡ ಕೆರೆದುಕೊಂಡರು. "ಹುಳು ಸಾಕೋದೇ ಮರೆತ್ರಾ ಏನು?"

"ನಗೋದಿದ್ರೆ ನಕ್ಬಿಡಿ. ಹುಡುಗಿಗೆ ಚಿಮಣಿ ಕೊಡಿ."

ನಕ್ಕರು, ಕೊಟ್ಟರು. ಆ ನಗು ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಿನವರೆಗೂ ಹೋಗಿ ಬಂತು ಎಂದು ಆಮೇಲೆ ತಿಳಿಯಿತು.

ಒಂದು ವಾರ ಅವಳು ಹೊಗೆಯನ್ನು ಪೈಪಿನಲ್ಲಿ ತಂದು ತಣ್ಣಗೆ ಮಾಡಿ ಆ ದ್ರವದೊಳಗೆ ಗುಳುಗುಳು ಅನ್ನಿಸಿದಳು. ಕೊನೆಗೆ ಅದನ್ನು ಕಾಯಿಸಬೇಕಾಯಿತು. ಕೆಲಸವಿಲ್ಲದೆ ಬಿದ್ದಿದ್ದ ನನ್ನ ಕೆಂಡದ ಬಾಣಲೆ ಕೇಳಿದಳು. ಕೊಟ್ಟೆ, ಅಂಗಳದ ಮೂಲೆ ತೋರಿಸಿದೆ. ದ್ರವ ಕುದಿಯಿತು, ಗುಳ್ಳೆ ಎದ್ದಿತು. ಅದು ಬಿಟ್ಟ ಗಾಳಿಯನ್ನು ಸಣ್ಣ ನಳಿಕೆಯಲ್ಲಿ ಅಳೆದು ಬರೆದುಕೊಂಡಳು.

"ಈಗ ಆ ಗಾಳಿ ಎಲ್ಲಿ?"

"ದೊಡ್ಡ ಕಾರ್ಖಾನೆಗಳಲ್ಲಿ ಭೂಮಿ ಒಳಗೆ ಕಳಿಸ್ತಾರೆ ಅಜ್ಜಿ."

"ಇಲ್ಲಿ?"

"ಇಲ್ಲಿ... ಹೊರಗೆ ಹೋಯ್ತು."

ಸಾಬರ ಚಿಮಣಿಯಲ್ಲಿ ಹಿಡಿದದ್ದನ್ನು ನನ್ನ ಅಂಗಳದಲ್ಲಿ ಬಿಟ್ಟಳು. ಅವಳು ಪಾಸಾದಳು, ಹಿಡಿದದ್ದಕ್ಕೂ ಮಾರ್ಕು, ಬಿಟ್ಟದ್ದಕ್ಕೂ ಮಾರ್ಕು. ಕಿಟಕಿ ತೆಗೆದದ್ದಕ್ಕೆ ನನಗೆ ಯಾರೂ ಕೊಡಲಿಲ್ಲ. ಈಗಲೂ ತೆಗೆದೇ ಇಡುತ್ತೇನೆ.